‘ಬಂದಿಲ್ಲ’, ‘ಬರಲಿಲ್ಲ’: ಇಂಗ್ಲಿಷಿನ ‘ಹ್ಯಾವ್’ ಎಲ್ಲಿ ಬೇಕು, ಎಲ್ಲಿ ಬೇಡ

ಕಾರವಾರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರು ಹೆಚ್ಚಾಗಿ ಕೆಲಸ ಹುಡುಕುತ್ತಿರುವವರು, ಇಂಟರ್‌ವ್ಯೂಗೆ ತಯಾರಾಗುತ್ತಿರುವವರು. ಅಂಕೋಲಾ, ಕುಮಟಾದಿಂದ, ಘಟ್ಟದ ಮೇಲಿನ ಶಿರಸಿಯಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಎಲ್ಲರ ಪ್ರಶ್ನೆ ಸುತ್ತಿ ಬಳಸಿ ಒಂದೇ. ‘ಐ ಡಿಡ್’ ಎಲ್ಲಿ, ‘ಐ ಹ್ಯಾವ್ ಡನ್’ ಎಲ್ಲಿ, ‘ಐ ಹ್ಯಾಡ್ ಡನ್’ ಎಲ್ಲಿ? ರೂಲ್ ಗೊತ್ತು, ಬರೆಯುವಾಗ ಮಾತ್ರ ತಪ್ಪುತ್ತದೆ ಅನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವುದಕ್ಕಿಂತ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ತಪ್ಪು ಆಗುವುದು ನಿಮಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ, ಅದಕ್ಕೇ ಆಗುತ್ತದೆ. ಇಂಗ್ಲಿಷಿನ ಈ ಏರ್ಪಾಡು ನಮ್ಮ ಕನ್ನಡದಲ್ಲೂ ಇದೆ. ಬಹಳ ಕಡೆ ಎರಡೂ ಸರಿಯಾಗಿ ಕೂಡಿಬರುತ್ತವೆ. ನಾಲ್ಕೈದು ಕಡೆ ಕೂಡಿಬರುವುದಿಲ್ಲ. ಎಲ್ಲರೂ ಎಡವುವುದು ಅಲ್ಲೇ. ಆ ಜಾಗಗಳ ಗುರುತು ಸಿಕ್ಕರೆ ಕೆಲಸ ಮುಕ್ಕಾಲು ಮುಗಿಯಿತು.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ನೋಟ್‌ಬುಕ್. ಜೊತೆಗೆ ಕ್ರಿಯಾಪದಗಳ ಮೂರನೇ ರೂಪ ಬಾಯಿಗೆ ಬರಬೇಕು. ಅಂದರೆ ‘ಗೋ, ವೆಂಟ್, ಗಾನ್’ ಎಂಬುದರಲ್ಲಿ ಕೊನೆಯ ‘ಗಾನ್’. ‘ಸೀ, ಸಾ, ಸೀನ್’ ಎಂಬುದರಲ್ಲಿ ‘ಸೀನ್’. ‘ಹ್ಯಾವ್’ ಜೊತೆ ಬರುವುದು ಯಾವಾಗಲೂ ಈ ಮೂರನೆಯದೇ. ದಿನಬಳಕೆಯ ನಲವತ್ತು ಪದ ಗೊತ್ತಿದ್ದರೆ ಸದ್ಯಕ್ಕೆ ಸಾಕು. ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿ. ಇದು ಕಿವಿಗೆ ಒಗ್ಗಬೇಕಾದ ವಿಷಯ.

1. ಹೆಸರು ನೋಡಿ ಹೆದರಬೇಡಿ

‘ಹ್ಯಾವ್’ ಜೊತೆ ಮೂರನೇ ರೂಪ ಬರುವ ಈ ಏರ್ಪಾಡಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಪರ್ಫೆಕ್ಟ್’ ಅಂತ ಹೆಸರು. ‘ಪರ್ಫೆಕ್ಟ್’ ಅಂದರೆ ಇಲ್ಲಿ ‘ತಪ್ಪಿಲ್ಲದ್ದು’ ಅಂತ ಅರ್ಥವಲ್ಲ. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ‘ಪೂರ್ತಿಯಾದದ್ದು’ ಎಂಬ ಅರ್ಥ. ವ್ಯಾಕರಣದಲ್ಲಿ ಉಳಿದದ್ದು ಅದೇ. ಅದಕ್ಕೇ ಗೈಡ್‌ಗಳಲ್ಲಿ ‘ಮುಗಿದ ಕೆಲಸಕ್ಕೆ ಪರ್ಫೆಕ್ಟ್’ ಅಂತ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಆ ಸಾಲು ನಂಬಬೇಡಿ. ‘ಐ ಏಟ್’ ಅಂದರೂ ಊಟ ಮುಗಿದಿದೆ, ‘ಐ ಹ್ಯಾವ್ ಈಟನ್’ ಅಂದರೂ ಮುಗಿದಿದೆ.

ವ್ಯತ್ಯಾಸ ಇರುವುದು ನೀವು ಎಲ್ಲಿ ನಿಂತು ಮಾತಾಡುತ್ತೀರಿ ಎಂಬುದರಲ್ಲಿ. ‘ಐ ಹ್ಯಾವ್ ಈಟನ್’ ಅನ್ನುವಾಗ ನೀವು ಈ ಹೊತ್ತಿನಲ್ಲಿ ನಿಂತಿದ್ದೀರಿ. ನೆಂಟರ ಮನೆಯಲ್ಲಿ ಮತ್ತೆ ಬಡಿಸಲು ಬಂದಾಗ ‘ನನ್ನದು ಆಗಿದೆ’ ಅನ್ನುತ್ತೀರಲ್ಲ, ಹಾಗೆ. ಆಗಿಹೋದದ್ದು ಈಗಿನ ಮಾತಿಗೆ ಬೇಕಾಗಿದೆ. ‘ಐ ಏಟ್’ ಅನ್ನುವಾಗ ಮನಸ್ಸು ಆ ಹೊತ್ತಿಗೇ ಹೋಗಿರುತ್ತದೆ: ನಿನ್ನೆ ಮಧ್ಯಾಹ್ನ, ಮದುವೆ ಮನೆಯಲ್ಲಿ, ಬಾಳೆಲೆ ಮೇಲೆ.

2. ‘ಇಲ್ಲ’ ಹಚ್ಚಿ ನೋಡಿ

ನನಗೆ ಗೊತ್ತಿರುವ ಅತಿ ಸುಲಭದ ಪರೀಕ್ಷೆ ಇದು. ವಾಕ್ಯವನ್ನು ಕನ್ನಡದಲ್ಲಿ ‘ಇಲ್ಲ’ ಮಾಡಿ.

ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ. ಶಿರಸಿ ಬಸ್ಸಿಗೆ ಕಾಯುತ್ತಿದ್ದೀರಿ. ಮನೆಯಿಂದ ಫೋನ್ ಬರುತ್ತದೆ. ‘ಬಸ್ ಇನ್ನೂ ಬಂದಿಲ್ಲ’ ಅನ್ನುತ್ತೀರಿ. ‘ಬರಲಿಲ್ಲ’ ಅನ್ನುವುದಿಲ್ಲ. ಯಾಕೆ? ಇನ್ನೂ ಕಾಯುತ್ತಿದ್ದೀರಿ, ಬರಬಹುದು ಅಂತ ಇದೆ. ಇಂಗ್ಲಿಷಿನಲ್ಲಿ: ‘ದ ಬಸ್ ಹ್ಯಾಸ್ ನಾಟ್ ಕಮ್ ಯೆಟ್.’

ಮರುದಿನ ಅದನ್ನೇ ಗೆಳೆಯರಿಗೆ ಹೇಳುತ್ತೀರಿ. ‘ನಿನ್ನೆ ಎರಡು ಗಂಟೆ ಕಾದೆ, ಬಸ್ ಬರಲಿಲ್ಲ.’ ಕಾಯುವುದು ಮುಗಿದಿದೆ. ಇಂಗ್ಲಿಷಿನಲ್ಲಿ: ‘ದ ಬಸ್ ಡಿಡ್ ನಾಟ್ ಕಮ್.’

‘ಬಂದಿಲ್ಲ’ ಅಂದರೆ ‘ಹ್ಯಾಸ್ ನಾಟ್’. ‘ಬರಲಿಲ್ಲ’ ಅಂದರೆ ‘ಡಿಡ್ ನಾಟ್’. ನೋಡಿಲ್ಲ, ನೋಡಲಿಲ್ಲ. ಕೊಟ್ಟಿಲ್ಲ, ಕೊಡಲಿಲ್ಲ. ಈ ವ್ಯತ್ಯಾಸ ನಿಮಗೆ ಯಾರೂ ಹೇಳಿಕೊಟ್ಟದ್ದಲ್ಲ, ಅಲ್ವಾ? ಸಣ್ಣವರಿದ್ದಾಗಿಂದ ಬಾಯಲ್ಲಿದೆ. ಶಿರಸಿ ಕಡೆ ಹವ್ಯಕರ ಮನೆಯಲ್ಲಿ ‘ಬಸ್ಸು ಬೈಂದಿಲ್ಲೆ’ ಅಂದರೂ ಅದೇ ‘ಹ್ಯಾಸ್ ನಾಟ್’. ಮನೆಮಾತು ಕೊಂಕಣಿ ಇದ್ದವರಿಗೆ ಇನ್ನೂ ಸುಲಭ. ‘ತೊ ಆಯ್ಲೊ’ ಅಂದರೆ ‘ಹಿ ಕೇಮ್’. ‘ತೊ ಆಯ್ಲಾ’ ಅಂದರೆ ‘ಹಿ ಹ್ಯಾಸ್ ಕಮ್’.

ಎಚ್ಚರಿಕೆ: ಮಾತಿನ ಭರದಲ್ಲಿ ಕೆಲವರು ‘ನಿನ್ನೆ ಬಂದಿಲ್ಲ’ ಅಂತಲೂ ಅನ್ನುತ್ತಾರೆ. ಪರೀಕ್ಷೆ ಮಾಡುವಾಗ ನಿಧಾನವಾಗಿ, ಬರೆಯುವ ಕನ್ನಡದಲ್ಲಿ ಹೇಳಿಕೊಳ್ಳಿ.

3. ‘ನಿನ್ನೆ’ ಬಂದರೆ ‘ಹ್ಯಾವ್’ ಬಿಡಿ

ಅತಿ ಜಾಸ್ತಿ ತಪ್ಪಾಗುವ ಜಾಗ ಇದೇ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಕನ್ನಡದಲ್ಲಿ ‘ನಿನ್ನೆ ಅರ್ಜಿ ಕೊಟ್ಟಿದ್ದೇನೆ’ ಅನ್ನುತ್ತೇವೆ. ಪೂರ್ತಿ ಸರಿ. ಅದನ್ನೇ ಹಾಗೇ ಇಂಗ್ಲಿಷಿಗೆ ತಂದು ‘ಐ ಹ್ಯಾವ್ ಗಿವನ್ ದ ಅಪ್ಲಿಕೇಶನ್ ಯೆಸ್ಟರ್‌ಡೇ’ ಅಂತ ಬರೆಯುತ್ತೇವೆ. ಇದು ತಪ್ಪು. ‘ಐ ಗೇವ್ ದ ಅಪ್ಲಿಕೇಶನ್ ಯೆಸ್ಟರ್‌ಡೇ’ ಅನ್ನಬೇಕು.

ಯೆಸ್ಟರ್‌ಡೇ, ಲಾಸ್ಟ್ ವೀಕ್, ಇನ್ 2019, ಆನ್ ಮಂಡೇ, ಟು ಡೇಸ್ ಅಗೋ, ವೆನ್ ಐ ವಾಸ್ ಇನ್ ಕಾಲೇಜ್. ಹೀಗೆ ಮುಗಿದುಹೋದ ಹೊತ್ತನ್ನು ಹೇಳುವ ಪದ ಬಂದರೆ ‘ಹ್ಯಾವ್’ ಬರುವುದಿಲ್ಲ. ಪ್ರಶ್ನೆಯಲ್ಲಿ ‘ವೆನ್’ ಇದ್ದರೂ ಅಷ್ಟೆ. ‘ವೆನ್ ಹ್ಯಾವ್ ಯು ಅಪ್ಲೈಡ್?’ ಅಲ್ಲ, ‘ವೆನ್ ಡಿಡ್ ಯು ಅಪ್ಲೈ?’

ನಮ್ಮೂರಿನದೇ ಒಂದು ಸುದ್ದಿ ತೆಗೆದುಕೊಳ್ಳಿ. 2024ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಬೆಳಗ್ಗೆ ಊರಿನವರು ಹೊರಗಿದ್ದ ಮಕ್ಕಳಿಗೆ ತಿಳಿಸುವಾಗ ‘ದ ಓಲ್ಡ್ ಕಾಳಿ ಬ್ರಿಡ್ಜ್ ಹ್ಯಾಸ್ ಕೊಲ್ಯಾಪ್ಸ್ಡ್’ ಅಂದರೆ ಸರಿ. ಯಾವಾಗ ಅಂತ ಹೇಳಿಲ್ಲ. ಸುದ್ದಿ ಹೊಸದು. ಸದಾಶಿವಗಡದ ಕಡೆಗೆ ಹೋಗಬೇಕಾದವರಿಗೆ ಅದರ ಬಿಸಿ ಈಗಲೇ ತಟ್ಟುತ್ತಿದೆ. ಇವತ್ತು ನೀವು ಪ್ರಬಂಧದಲ್ಲಿ ಬರೆಯುವಾಗ? ‘ದ ಓಲ್ಡ್ ಕಾಳಿ ಬ್ರಿಡ್ಜ್ ಕೊಲ್ಯಾಪ್ಸ್ಡ್ ಇನ್ ಆಗಸ್ಟ್ 2024.’ ತಿಂಗಳು ಬಂತು, ‘ಹ್ಯಾಸ್’ ಹೋಯಿತು.

ಕಚೇರಿಗೆ ಬರೆಯುವ ಪತ್ರಗಳಲ್ಲಿ ಇದು ತುಂಬಾ ಮುಖ್ಯ. ನಾನು ತಿದ್ದುವ ಪತ್ರಗಳಲ್ಲಿ ‘ಐ ಹ್ಯಾವ್ ಅಪ್ಲೈಡ್ ಫಾರ್ ದ ಪೋಸ್ಟ್ ಆನ್ 12 ಜೂನ್’ ಎಂಬ ಸಾಲು ಮತ್ತೆ ಮತ್ತೆ ಸಿಗುತ್ತದೆ. ಇದನ್ನು ಎರಡು ವಾಕ್ಯ ಮಾಡಿ:

‘ಐ ಅಪ್ಲೈಡ್ ಫಾರ್ ದ ಪೋಸ್ಟ್ ಆನ್ 12 ಜೂನ್. ಐ ಹ್ಯಾವ್ ನಾಟ್ ರಿಸೀವ್ಡ್ ಎನಿ ರಿಪ್ಲೈ ಸೋ ಫಾರ್.’

ಮೊದಲನೆಯದರಲ್ಲಿ ತಾರೀಕು ಇದೆ, ಅದು ಆಗಿಹೋದ ಸಂಗತಿ. ಎರಡನೆಯದು ಇವತ್ತಿನವರೆಗಿನ ಸ್ಥಿತಿ. ‘ಸೋ ಫಾರ್’ ಅಂದರೆ ‘ಇಲ್ಲಿಯವರೆಗೆ’. ಈ ಎರಡು ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಂಕಿಗೆ, ಕಾಲೇಜಿಗೆ, ಇನ್ಶೂರೆನ್ಸ್ ಕಂಪನಿಗೆ ಯಾವ ದೂರು ಬರೆದರೂ ಇದೇ ಅಚ್ಚು ಕೆಲಸಕ್ಕೆ ಬರುತ್ತದೆ.

‘ಟುಡೇ’, ‘ದಿಸ್ ವೀಕ್’, ‘ದಿಸ್ ಇಯರ್’ ಬಂದರೆ? ಆ ಅವಧಿ ಇನ್ನೂ ನಡೆಯುತ್ತಿದೆ. ಹಾಗಾಗಿ ‘ಹ್ಯಾವ್’ ಬರಬಹುದು. ‘ಐ ಹ್ಯಾವ್ ಕಾಲ್ಡ್ ದೆಮ್ ಥ್ರೀ ಟೈಮ್ಸ್ ದಿಸ್ ವೀಕ್.’ ವಾರ ಮುಗಿದಿಲ್ಲ, ಇನ್ನೊಂದು ಸಲ ಕರೆ ಮಾಡಲೂಬಹುದು.

ಇನ್ನೊಂದು ವಿಷಯ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಅನ್ನುವವರು ದೇಶದ ತುಂಬಾ ಇದ್ದಾರೆ. ಕೇಳಿದವರಿಗೆ ಅರ್ಥವೂ ಆಗುತ್ತದೆ. ಯಾರಾದರೂ ಹಾಗೆ ಅಂದರೆ ನಗಬೇಡಿ. ಆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಅದಕ್ಕೆ ಕಲಿಯಬೇಕು. ಅಮೆರಿಕದ ಸಿನಿಮಾ ನೋಡುವವರು ಇದರ ಉಲ್ಟಾ ಗೊಂದಲ ಹೇಳುತ್ತಾರೆ. ಅಲ್ಲಿ ‘ಡಿಡ್ ಯು ಈಟ್ ಯೆಟ್?’ ಅಂತ ಕೇಳುವುದು ಮಾಮೂಲಿ. ಅವರ ಮಾತಿನಲ್ಲಿ ಅದು ಸರಿ. ನೀವು ಬರೆಯುವಾಗ ‘ಹ್ಯಾವ್ ಯು ಈಟನ್ ಯೆಟ್?’ ಅಂತಲೇ ಇಟ್ಟುಕೊಳ್ಳಿ, ಎಲ್ಲ ಕಡೆ ನಡೆಯುತ್ತದೆ.

4. ‘ಐದು ವರ್ಷದಿಂದ’ ಅನ್ನುವಾಗ

ಇಂಟರ್‌ವ್ಯೂನಲ್ಲಿ ಬಂದೇ ಬರುವ ವಾಕ್ಯ: ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ.’ ಕನ್ನಡದಲ್ಲಿ ‘ಮಾಡುತ್ತಿದ್ದೇನೆ’ ಇದೆ ಅಂತ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂದುಬಿಡುತ್ತೇವೆ. ಇದರಲ್ಲಿ ಎರಡು ತಪ್ಪಿವೆ.

ಮೊದಲನೆಯದು ‘ಆ್ಯಮ್’. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ‘ಹ್ಯಾವ್ ಬೀನ್’ ಬೇಕು. ಎರಡನೆಯದು ‘ಸಿನ್ಸ್’. ನಮ್ಮ ‘ಇಂದ’ ಒಂದೇ. ‘ಐದು ವರ್ಷದಿಂದ’ ಅಂದರೂ ‘2020ರಿಂದ’ ಅಂದರೂ ಅದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಎರಡು ದಾರಿ. ಎಷ್ಟು ಕಾಲ ಅಂತ ಅಳತೆ ಹೇಳಿದರೆ ‘ಫಾರ್’. ಯಾವಾಗ ಶುರುವಾಯಿತು ಅಂತ ಹೇಳಿದರೆ ‘ಸಿನ್ಸ್’.

‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.’
‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2020.’
‘ದ ಹೋಲ್ ಕೊಂಕಣ್ ರೈಲ್ವೆ ಲೈನ್ ಹ್ಯಾಸ್ ಬೀನ್ ಓಪನ್ ಸಿನ್ಸ್ 1998.’

ಮೂರನೇ ವಾಕ್ಯದಲ್ಲಿ ಇಸವಿ ಇದ್ದರೂ ‘ಹ್ಯಾಸ್’ ಉಳಿದಿದೆ, ನೋಡಿದಿರಾ? ಹಂತ 3ಕ್ಕೆ ಇದು ವಿರುದ್ಧ ಅಂತ ಅನ್ನಿಸಬಹುದು. ಅಲ್ಲ. ‘ಇನ್ 1998’ ಅಂದರೆ ಆ ವರ್ಷ ಮಾತ್ರ. ‘ಸಿನ್ಸ್ 1998’ ಅಂದರೆ ಆ ವರ್ಷದಿಂದ ಈ ಕ್ಷಣದವರೆಗೆ.

ಇಲ್ಲೊಂದು ಹಳ್ಳವಿದೆ. ಗೊತ್ತಿರುವುದು, ಇಷ್ಟಪಡುವುದು, ನಂಬುವುದು, ಒಂದು ವಸ್ತು ನಮ್ಮದಾಗಿರುವುದು ಇವು ಕೆಲಸಗಳಲ್ಲ, ಸ್ಥಿತಿಗಳು. ಇವಕ್ಕೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ‘ಅವರು ನನಗೆ ಹತ್ತು ವರ್ಷದಿಂದ ಗೊತ್ತು’ ಅನ್ನಲು ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ‘ಐ ಆ್ಯಮ್ ನೋಯಿಂಗ್’ ಅಂತ ಯಾವತ್ತೂ ಬರೆಯಬೇಡಿ.

‘ಇಂಗ್’ ಇದ್ದದ್ದಕ್ಕೂ ಇಲ್ಲದ್ದಕ್ಕೂ ಏನು ವ್ಯತ್ಯಾಸ ಅಂತ ಕೇಳುವವರಿಗೆ ಅಡಿಕೆ ಮನೆಯ ಉದಾಹರಣೆ ಕೊಡುತ್ತೇನೆ. ಕೈ ಕಪ್ಪಾಗಿದೆ, ಸೊಂಟ ಹಿಡಿದಿದೆ, ಯಾಕೆ ಅಂದರೆ ‘ಬೆಳಗ್ಗೆಯಿಂದ ಅಡಿಕೆ ಸುಲಿಯುತ್ತಾ ಇದ್ದೇವೆ’: ‘ವಿ ಹ್ಯಾವ್ ಬೀನ್ ಪೀಲಿಂಗ್ ಅರೆಕಾನಟ್ ಸಿನ್ಸ್ ಮಾರ್ನಿಂಗ್.’ ಒತ್ತು ಕೆಲಸದ ಮೇಲೆ. ‘ನಾಲ್ಕು ಬುಟ್ಟಿ ಸುಲಿದಿದ್ದೇವೆ’: ‘ವಿ ಹ್ಯಾವ್ ಪೀಲ್ಡ್ ಫೋರ್ ಬಾಸ್ಕೆಟ್ಸ್.’ ಒತ್ತು ಎಷ್ಟಾಯಿತು ಎಂಬುದರ ಮೇಲೆ. ಲೆಕ್ಕ ಬಂದರೆ ‘ಇಂಗ್’ ಬೇಡ.

5. ‘ಗಾನ್’ ಮತ್ತು ‘ಬೀನ್’

‘ಅಣ್ಣ ಗೋವಾಕ್ಕೆ ಹೋಗಿದ್ದಾನೆ.’ ಈಗ ಎಲ್ಲಿದ್ದಾನೆ? ಗೋವಾದಲ್ಲಿ, ಇಲ್ಲವೇ ದಾರಿಯಲ್ಲಿ. ‘ಮೈ ಬ್ರದರ್ ಹ್ಯಾಸ್ ಗಾನ್ ಟು ಗೋವಾ.’

‘ಅಣ್ಣ ಎರಡು ಸಲ ಗೋವಾಕ್ಕೆ ಹೋಗಿದ್ದಾನೆ.’ ಈಗ ಮನೆಯಲ್ಲೇ ಕೂತಿರಬಹುದು. ‘ಮೈ ಬ್ರದರ್ ಹ್ಯಾಸ್ ಬೀನ್ ಟು ಗೋವಾ ಟ್ವೈಸ್.’

ಕನ್ನಡದ ‘ಹೋಗಿದ್ದಾನೆ’ ಎರಡಕ್ಕೂ ಸಾಲುತ್ತದೆ, ಇಂಗ್ಲಿಷಿಗೆ ಸಾಲುವುದಿಲ್ಲ. ‘ಹೋಗಿ ಬಂದಿದ್ದಾನೆ’ ಅಂತ ಬದಲಿಸಿ ನೋಡಿ. ಅರ್ಥ ಕೆಡದಿದ್ದರೆ ‘ಬೀನ್’. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅದಕ್ಕೆ ಮೂರು ಸಲ ಹೋಗಿ ಬಂದವರು ‘ಐ ಹ್ಯಾವ್ ಬೀನ್ ಟು ದ ಶಿರಸಿ ಜಾತ್ರೆ ಥ್ರೀ ಟೈಮ್ಸ್’ ಅನ್ನಬೇಕು. ವರ್ಷ ಹೇಳಿದರೆ ಮತ್ತೆ ಹಂತ 3: ‘ಐ ವೆಂಟ್ ಇನ್ 2024.’

ಇದರ ಜೊತೆಗೆ ಒಂದು ಸಣ್ಣ ವಾಕ್ಯ. ‘ನಾನು ಕಾರವಾರಕ್ಕೆ ಬರುತ್ತಿರುವುದು ಇದೇ ಮೊದಲ ಸಲ.’ ಕನ್ನಡದಲ್ಲಿ ‘ಬರುತ್ತಿರುವುದು’ ಇದ್ದರೂ ಇಂಗ್ಲಿಷಿನಲ್ಲಿ ‘ದಿಸ್ ಇಸ್ ದ ಫಸ್ಟ್ ಟೈಮ್ ಐ ಹ್ಯಾವ್ ಕಮ್ ಟು ಕಾರವಾರ್’.

6. ‘ಹ್ಯಾಡ್’ ಕಡಿಮೆ ಬಳಸಿ

ನಮ್ಮ ಕಡೆಯವರು ‘ಹ್ಯಾಡ್’ ಬೇಕಾದ್ದಕ್ಕಿಂತ ಜಾಸ್ತಿ ಬಳಸುತ್ತಾರೆ. ಕಾರಣ ಸ್ಪಷ್ಟ. ‘ಕಳೆದ ವಾರ ಹುಬ್ಬಳ್ಳಿಗೆ ಹೋಗಿದ್ದೆ’ ಅನ್ನುವುದು ನಮ್ಮ ಮಾತಿನ ರೀತಿ. ‘ಹೋಗಿದ್ದೆ’ ಕಂಡ ಕೂಡಲೇ ಕೈ ‘ಐ ಹ್ಯಾಡ್ ಗಾನ್’ ಅಂತ ಬರೆಯುತ್ತದೆ. ಇಂಗ್ಲಿಷಿನಲ್ಲಿ ಅದು ಬರೀ ‘ಐ ವೆಂಟ್ ಟು ಹುಬ್ಬಳ್ಳಿ ಲಾಸ್ಟ್ ವೀಕ್’.

ರವೀಂದ್ರನಾಥ ಟಾಗೋರರು 1880ರ ದಶಕದಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರಾಗಿದ್ದರು. ಊರಿನ ಮೇಲೆ ಪ್ರಬಂಧ ಬರೆಸಿದರೆ ಹೆಚ್ಚಿನವರು ‘ಟಾಗೋರ್ ಹ್ಯಾಡ್ ಕಮ್ ಟು ಕಾರವಾರ್’ ಅಂತಲೇ ಶುರು ಮಾಡುತ್ತಾರೆ. ‘ಟಾಗೋರ್ ಕೇಮ್ ಟು ಕಾರವಾರ್ ಇನ್ ದಿ 1880ಸ್’ ಅಂದರೆ ಸಾಕು. ತುಂಬಾ ಹಿಂದೆ ಆದದ್ದು ಅಂತ ‘ಹ್ಯಾಡ್’ ಬರುವುದಿಲ್ಲ. ನೂರು ವರ್ಷ ಹಿಂದಿನದಾದರೂ ಒಂದೇ ಘಟನೆ ಇದ್ದರೆ ಸಾದಾ ಭೂತಕಾಲ.

‘ಹ್ಯಾಡ್’ ಬರಲು ಎರಡು ಘಟನೆ ಬೇಕು. ಎರಡೂ ಆಗಿಹೋದವು. ಅದರಲ್ಲಿ ಒಂದು ಇನ್ನೊಂದಕ್ಕಿಂತ ಮೊದಲಿನದು. ಆ ಮೊದಲಿನದಕ್ಕೆ ‘ಹ್ಯಾಡ್’.

ಕಾರವಾರದ ರೈಲು ನಿಲ್ದಾಣ ಇರುವುದು ಊರ ಹೊರಗೆ, ಶಿರವಾಡದಲ್ಲಿ. ರಿಕ್ಷಾ ಸಿಗುವುದು ತಡವಾಯಿತು. ‘ನಾವು ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು.’ ಇಂಗ್ಲಿಷಿನಲ್ಲಿ: ‘ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್.’ ಇಲ್ಲಿ ‘ಹ್ಯಾಡ್’ ತೆಗೆದು ‘ದ ಟ್ರೇನ್ ಲೆಫ್ಟ್’ ಅಂದರೆ ನೀವು ಮುಟ್ಟಿದ ಮೇಲೆ, ನಿಮ್ಮ ಕಣ್ಣೆದುರೇ ಹೊರಟಿತು ಅಂತಾಗುತ್ತದೆ. ಒಂದೇ ಪದಕ್ಕೆ ಇಷ್ಟು ವ್ಯತ್ಯಾಸ. ‘ಬಿಫೋರ್’, ‘ಆಫ್ಟರ್’ ಇದ್ದು ಯಾವುದು ಮೊದಲು ಅಂತ ಸ್ಪಷ್ಟವಾಗಿದ್ದರೆ ‘ಹ್ಯಾಡ್’ ಬಿಟ್ಟರೂ ನಡೆಯುತ್ತದೆ.

‘ಹ್ಯಾವ್ ಹ್ಯಾಡ್’, ‘ಹ್ಯಾಡ್ ಹ್ಯಾಡ್’ ನೋಡಿ ಗಾಬರಿ ಆಗಬೇಡಿ. ಎರಡನೇ ‘ಹ್ಯಾಡ್’ ಅಸಲಿ ಕ್ರಿಯಾಪದ. ‘ಐ ಹ್ಯಾವ್ ಹ್ಯಾಡ್ ಬ್ರೇಕ್‌ಫಾಸ್ಟ್’ ಅಂದರೆ ತಿಂಡಿ ಆಗಿದೆ ಅಂತ, ಅಷ್ಟೇ.

7. ಮುಂದಿನ ದಿನದಲ್ಲಿ ನಿಂತು ಹಿಂದೆ ನೋಡುವುದು

ಇದು ಕಡಿಮೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ, ಒಟ್ಟು 61 ದಿನ. ಜುಲೈ ನಡುವೆ ಕೂತು ‘ಆಗಸ್ಟ್ 1ರ ಹೊತ್ತಿಗೆ ನಿಷೇಧ ಮುಗಿದಿರುತ್ತದೆ’ ಅನ್ನುತ್ತೀರಿ: ‘ಬೈ ದ ಫಸ್ಟ್ ಆಫ್ ಆಗಸ್ಟ್, ದ ಬ್ಯಾನ್ ವಿಲ್ ಹ್ಯಾವ್ ಎಂಡೆಡ್.’ ‘ಮುಗಿದಿರುತ್ತದೆ’ಗೆ ‘ವಿಲ್ ಹ್ಯಾವ್’. ‘ಹೊತ್ತಿಗೆ’ ಎಂಬುದಕ್ಕೆ ‘ಬೈ’.

8. ‘ಬೇಕಿತ್ತು’, ‘ಇರಬೇಕು’

ಇಲ್ಲಿ ಕನ್ನಡ ಎಷ್ಟು ಚೆನ್ನಾಗಿ ಕೈ ಹಿಡಿಯುತ್ತದೆ ನೋಡಿ. ಈ ನಾಲ್ಕು ಜೋಡಿ ಬರೆದಿಟ್ಟುಕೊಂಡರೆ ಸಾಕು.

ಹೋಗಬೇಕಿತ್ತು: ‘ಶುಡ್ ಹ್ಯಾವ್ ಗಾನ್’.
ಹೋಗಿರಬೇಕು: ‘ಮಸ್ಟ್ ಹ್ಯಾವ್ ಗಾನ್’.
ಹೋಗಬಹುದಿತ್ತು: ‘ಕುಡ್ ಹ್ಯಾವ್ ಗಾನ್’.
ಹೋಗಿರಬಹುದು: ‘ಮೇ ಹ್ಯಾವ್ ಗಾನ್’.

‘ಬೇಕಿತ್ತು’ ಅಂದರೆ ಆಗಲಿಲ್ಲ ಎಂಬ ಬೇಸರ. ‘ಇರಬೇಕು’ ಅಂದರೆ ಊಹೆ. ಮಳೆಗಾಲದಲ್ಲಿ ಕುಮಟಾದಿಂದ ಹೊರಟ ಬಸ್ ಶಿರಸಿ ಮುಟ್ಟಿಲ್ಲ, ದೇವಿಮನೆ ಘಟ್ಟದಲ್ಲಿ ಸಿಕ್ಕಿಕೊಂಡಿರಬೇಕು: ‘ಇಟ್ ಮಸ್ಟ್ ಹ್ಯಾವ್ ಗಾಟ್ ಸ್ಟಕ್.’ ಈ ಜಾಗದಲ್ಲಿ ಯಾವಾಗಲೂ ‘ಹ್ಯಾವ್’. ‘ಹಿ ಮಸ್ಟ್ ಹ್ಯಾಸ್’ ಅಂತ ಆಗುವುದಿಲ್ಲ.

‘ಗೊತ್ತಿದ್ದರೆ ಬರುತ್ತಿದ್ದೆ’ ಅನ್ನಲು ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’. ‘ಇಫ್’ ಇರುವ ಅರ್ಧದಲ್ಲಿ ‘ವುಡ್’ ಹಾಕಬೇಡಿ.

ಕೇಳುವಾಗ ಇನ್ನೊಂದು ತೊಂದರೆ. ಮಾತಿನಲ್ಲಿ ‘ಐ ಹ್ಯಾವ್’ ಕರಗಿ ‘ಐವ್’ ಆಗುತ್ತದೆ, ‘ಶುಡ್ ಹ್ಯಾವ್’ ‘ಶುಡವ್’ ಆಗುತ್ತದೆ. ಕೇಳಿಸಲಿಲ್ಲ ಅಂತ ಬರೆಯುವಾಗ ಬಿಡಬೇಡಿ. ‘ಐ ಬೀನ್ ದೇರ್’, ‘ಶುಡ್ ಆಫ್’ ಹುಟ್ಟುವುದು ಹೀಗೇ.

9. ಈಗ ನೀವೇ ಮಾಡಿ

ಕೆಳಗಿನ ಐದು ವಾಕ್ಯ ಇಂಗ್ಲಿಷಿಗೆ ತನ್ನಿ. ಉತ್ತರ ಕೆಳಗೇ ಇದೆ, ಆದರೆ ಮೊದಲು ಬರೆಯಿರಿ.

ಅ. ಕಳೆದ ವಾರ ಗೋಕರ್ಣಕ್ಕೆ ಹೋಗಿದ್ದೆ.
ಆ. ಅಕ್ಕ ಆರು ತಿಂಗಳಿಂದ ಮಂಗಳೂರಿನಲ್ಲಿ ಇದ್ದಾಳೆ.
ಇ. ಕೊಡೆ ತರಬೇಕಿತ್ತು.
ಈ. ನೀವು ಯಾವತ್ತಾದರೂ ಯಾಣಕ್ಕೆ ಹೋಗಿದ್ದೀರಾ?
ಉ. ಸೋಮವಾರ ಫೀಸ್ ಕಟ್ಟಿದ್ದೇನೆ, ರಸೀದಿ ಇನ್ನೂ ಬಂದಿಲ್ಲ.

ಅ: ‘ಐ ವೆಂಟ್ ಟು ಗೋಕರ್ಣ ಲಾಸ್ಟ್ ವೀಕ್.’ ‘ಹ್ಯಾಡ್ ಗಾನ್’ ಬರೆದಿದ್ದರೆ ಹಂತ 6 ಇನ್ನೊಮ್ಮೆ ಓದಿ.
ಆ: ‘ಮೈ ಸಿಸ್ಟರ್ ಹ್ಯಾಸ್ ಬೀನ್ ಇನ್ ಮಂಗಳೂರು ಫಾರ್ ಸಿಕ್ಸ್ ಮಂತ್ಸ್.’
ಇ: ‘ಐ ಶುಡ್ ಹ್ಯಾವ್ ಬ್ರಾಟ್ ಆ್ಯನ್ ಅಂಬ್ರೆಲಾ.’
ಈ: ‘ಹ್ಯಾವ್ ಯು ಎವರ್ ಬೀನ್ ಟು ಯಾಣ?’
ಉ: ‘ಐ ಪೇಯ್ಡ್ ದ ಫೀಸ್ ಆನ್ ಮಂಡೇ, ಬಟ್ ಐ ಹ್ಯಾವ್ ನಾಟ್ ರಿಸೀವ್ಡ್ ದ ರಿಸೀಟ್ ಯೆಟ್.’ ಕನ್ನಡದಲ್ಲಿ ‘ಕಟ್ಟಿದ್ದೇನೆ’, ‘ಬಂದಿಲ್ಲ’ ಎರಡೂ ಒಂದೇ ಅಚ್ಚಿನವು. ಇಂಗ್ಲಿಷಿನಲ್ಲಿ ‘ಸೋಮವಾರ’ ಇದ್ದ ಅರ್ಧಕ್ಕೆ ‘ಹ್ಯಾವ್’ ಇಲ್ಲ, ಇನ್ನರ್ಧಕ್ಕೆ ಇದೆ. ಇದೊಂದನ್ನು ತಪ್ಪಿಲ್ಲದೆ ಬರೆದಿದ್ದರೆ ನಿಮ್ಮ ಹಳೆಯ ಅರ್ಜಿಯೊಂದನ್ನು ತೆಗೆದು, ತಾರೀಕು ಇರುವ ಸಾಲುಗಳನ್ನೆಲ್ಲ ಪೆನ್ಸಿಲಿನಿಂದ ಗುರುತು ಮಾಡುತ್ತಾ ತಿದ್ದಲು ಶುರು ಮಾಡಿ.